ಬಾಯಿ ಬಿಡದ ಕಂಪ್ಯೂಟರು

ಸರಸ್ವತಿ ನಗರದ ರುದ್ರಮುನಿಯವರ ಪಡಸಾಲೆ. ಕಿಟಕಿಯ ಬೆಳಕು ಬೀಳುವ ಮೂಲೆಯಲ್ಲಿ ಕಂಪ್ಯೂಟರು ಕುಳಿತಿತ್ತು. ಹಣೆಗೆ ಮೂರೆಳೆ ವಿಭೂತಿ. ಕಸೂತಿಯ ಹೊದಿಕೆ ಪರದೆಯ ಮೇಲೆ ಸೆರಗಿನಂತೆ ಇಳಿದಿತ್ತು. ಎಡಬಲಕ್ಕೆ ದ್ವಾರಪಾಲಕರಂತೆ ಎರಡು ಸ್ಪೀಕರು, ಒಂದೊಂದಕ್ಕೂ ಒಂದೊಂದು ಮೊಳ ಮಲ್ಲಿಗೆ. ಎದುರಿಗೆ ಟೀಪಾಯಿಯ ಮೇಲೆ ಕೇಸರಿಬಾತು ಸದ್ದಿಲ್ಲದೆ ಆರುತ್ತಿತ್ತು. ತೊಂಬತ್ತೆಂಟರ ದಾವಣಗೆರೆಯಲ್ಲಿ ಹೆಣ್ಣು ತೋರಿಸುವ ಮನೆಗೆ ಇದಕ್ಕಿಂತ ಶೋಭೆ ಬೇಕಿರಲಿಲ್ಲ.

ವರ ಹರಿಹರದ ಬಕ್ಕೇಶ್. ಯೂನಿಕ್ಸ್ ಎಂಬ ಕಂಪ್ಯೂಟರ್ ವಿದ್ಯೆಯಲ್ಲಿ ಪಂಡಿತನೆಂದು ಪ್ರತೀತಿ. ಪ್ರತೀತಿಯ ಮೂಲ ಸ್ವತಃ ಬಕ್ಕೇಶ್. ಮದುವೆಯಾದರೆ ರುದ್ರಮುನಿಯವರ ಮಗಳು ಸ್ನೇಹಾ ಇಂಜಿನಿಯರಿಂಗ್ ಓದನ್ನು ಅರ್ಧಕ್ಕೇ ಬಿಡಬೇಕು. "ಮನೀಗೊಬ್ಬ ಕಂಪ್ಯೂಟರ್ ಬಲ್ಲವ ಸಾಕಲ್ರೀ," ಎಂದಿದ್ದರು ಅವನ ತಂದೆ, ಅಕ್ಕಿ ಗಿರಣಿಯ ಕರಿಬಸವರಾಜಪ್ಪ. ರುದ್ರಮುನಿಯವರು ಅದಕ್ಕೂ ತಲೆಯಾಡಿಸಿದ್ದರು. ಇಂಥ ವರ ಕೈತಪ್ಪುವ ಮುನ್ನ, ಇಂದೇ, ತಾಂಬೂಲ ಬದಲಾಯಿಸಿಬಿಡುವ ಆತುರ ಅವರಿಗೆ.

"ಹಾಡು ಬರ್ತೈತೇನವ್ವ?" ಕರಿಬಸವರಾಜಪ್ಪ ಪದ್ಧತಿಯಂತೆ ಕೇಳಿದರು.

"ನನಗಿಂತ ಕಂಪ್ಯೂಟರ್ ಚಲೋ ಹಾಡ್ತೈತ್ರಿ," ಎಂದಳು ಸ್ನೇಹಾ, ನೆಲ ನೋಡುತ್ತ. "ಲಿನಕ್ಸ್ ಹಾಕೀನಿ. ಇವತ್ತು ಬಾಯೇ ಬಿಡವಲ್ದು. ಇವರು ಒಂಚೂರು ನೋಡಿದ್ರೆ..."

ವರನಿಗೆ ಮೆರೆಯಲು ಮಗಳು ತಾನಾಗಿ ಅವಕಾಶ ಕೊಟ್ಟಳಲ್ಲ ಎಂದು ರುದ್ರಮುನಿಯವರ ಎದೆ ಉಬ್ಬಿತು.

"ಯೂನಿಕ್ಸ್‌ನ ತಮ್ಮನೇ ಅಲ್ಲೇನ್ರಿ, ನೀರು ಕುಡಿದಂಗೆ," ಎಂದು ಬಕ್ಕೇಶ್ ತೋಳು ಮಡಚಿದ.

"ಡಬ್ಬಿ ಬಿಚ್ಚಿ ನೋಡ್ತೀರೇನ್ರಿ? ಸ್ಕ್ರೂಡ್ರೈವರ್ ತರ್ತೀನಿ," ಎಂದಳು ಸ್ನೇಹಾ.

"ಬ್ಯಾಡ ಬ್ಯಾಡ. ಅದು ಮೆಕ್ಯಾನಿಕ್ ಕೆಲಸ. ಒಳಗೇನೈತೆ ಅಂತ ಕೂತಲ್ಲೇ ಹೇಳ್ತೀನಿ."

ಪರದೆಯ ಮೇಲೆ, ಕಂಪ್ಯೂಟರಿಗೆ ದನಿ ಕೊಡುವ ಸೌಂಡ್ ಕಾರ್ಡುಗಳ ಹೆಸರು ಸಾಲುಗಟ್ಟಿದವು. ಬಕ್ಕೇಶ್ ಒಂದನ್ನು ಆತ್ಮವಿಶ್ವಾಸದಿಂದ ಆರಿಸಿದ. ಜಾತಕದ ಮನೆಗಳಿಗೆ ಗ್ರಹ ತುಂಬುವವನಂತೆ ಅಂಕಿಗಳನ್ನು ತುಂಬಿದ. ಯಂತ್ರ ಏನೋ ದೂರಿತು. "ಅದು ಹಂಗೇ ಅಂತಿರ್ತೈತೆ," ಎಂದು ಮುಂದಕ್ಕೆ ಒತ್ತಿದ. ಕಡೆಗೆ ಯಂತ್ರ ಇಂಗ್ಲಿಷಿನಲ್ಲಿ ವಿನಯದಿಂದ ಕೇಳಿತು: ಸದ್ದು ಕೇಳಿಸಿತೇ? ಹೌದು, ಇಲ್ಲ.

ಪಡಸಾಲೆ ಕಿವಿಯಾಯಿತು.

ಬಕ್ಕೇಶ್ 'ಹೌದು' ಒತ್ತಿದ. "ಬಂತು ನೋಡ್ರಿ. ಸಣ್ಣಗೈತೆ, ಆದ್ರೆ ಶುದ್ಧ."

"ತಂಬೂರಿ ಮೀಟಿದಂಗೆ," ಎಂದರು ಕರಿಬಸವರಾಜಪ್ಪ, ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತ.

ರುದ್ರಮುನಿಯವರಿಗೆ ಕೇಳಿಸಿದ್ದು ತಲೆಯ ಮೇಲಿನ ಫ್ಯಾನು ಮಾತ್ರ. ಆದರೆ ಸಂಬಂಧ ದೊಡ್ಡದು. "ಮೈ ಝುಮ್ ಅಂತು," ಎಂದರು.

"ಅಪ್ಪಾಜಿ, ನಿಮಗೂ ಕೇಳಿಸ್ತಾ?" ಎಂದಳು ಸ್ನೇಹಾ.

"ಕೇಳಿಸದೆ ಏನವ್ವ," ಎಂದ ರುದ್ರಮುನಿಯವರು ಯಾಕೋ ಮಗಳ ಮುಖ ನೋಡಲಿಲ್ಲ.

ತಾಯಿ ಶಕುಂತಲಮ್ಮ ತಾಂಬೂಲದ ತಟ್ಟೆ ತಂದರು. ಸ್ನೇಹಾ ಅದನ್ನು ಇಸಿದುಕೊಂಡು, ಸೆರಗಿನ ಮರೆಯಿಂದ ಏನನ್ನೋ ತೆಗೆದು ಮೇಲಿಟ್ಟು, ತಲೆ ಬಾಗಿಸಿ ವರನ ಮುಂದೆ ಹಿಡಿದಳು. ವೀಳ್ಯದೆಲೆಯಷ್ಟೇ ಹಸಿರಾದ ಒಂದು ಹಲಗೆ, ಅದರ ತುಂಬ ಸಣ್ಣ ಸಣ್ಣ ಕರಿ ಚಿಪ್ಪು.

"ಸೌಂಡ್ ಕಾರ್ಡ್ ರೀ," ಎಂದಳು ಮೆಲ್ಲಗೆ. "ಬೆಳಿಗ್ಗೆನೇ ಬಿಚ್ಚಿ ತೆಗೆದಿಟ್ಟಿದ್ದೆ."

ತಾಂಬೂಲ ಮುಟ್ಟದೆ ಹೊರಬಿದ್ದ ಬಕ್ಕೇಶನ ಬೆನ್ನ ಹಿಂದೆ ಬಾಗಿಲು ಹಾಕಿದವರು ರುದ್ರಮುನಿಯವರೇ.