ಹಗಲು ಹನ್ನೊಂದರ ಲಗ್ನ

ರೈಲು ದೇಸೂರಿನಲ್ಲಿ ನಿಂತಾಗ ಸೃಷ್ಟಿ ಕಿಟಕಿಯಿಂದ ಸರಕ್ಕನೆ ಹಿಂದೆ ಸರಿದಳು. ಹೊರಗಿನ ರಸ್ತೆಯಲ್ಲಿ ಕಾಕಾನ ಬೈಕು ಬೆಳಗಾವಿಯ ಕಡೆಗೆ ಓಡುತ್ತಿತ್ತು.

“ನಾವು ಹೊಂಟದ್ದು ಗುರುಪಾದಪ್ಪ ಕಾಕಾಗ ಗೊತ್ತಾಗೇತಿ,” ಎಂದಳು.

ಎದುರು ಕೂತಿದ್ದ ಅವ್ವ ನಿಂಗವ್ವನ ಮುಖ ಬಿಳಿಚಿತು. ಅಂಥ ಸೆಕೆಯಲ್ಲೂ ಆಕೆ ಶಾಲು ಬಿಗಿಯಾಗಿ ಹೊದ್ದಿದ್ದಳು. “ಬ್ಯಾಡವಾ, ತಿರುಗಿ ಮನಿಗೆ ಹೋಗೂಣು. ಮಂದಿ ಏನಂದಾರು?”

“ನಾ ನಿನ್ನ ಹೊಟ್ಟ್ಯಾಗ ಇದ್ದಾಗಿಂದ ಅನ್ನಾಕ ಹತ್ಯಾರ. ಇನ್ನೂ ಅನ್ಲಿ.”

ಮಾತು ಸುಳ್ಳಲ್ಲ. ಕಾರ್ಗಿಲ್ ಗುಡ್ಡದಲ್ಲಿ ಅಪ್ಪ ಕಲ್ಲಯ್ಯ ಸತ್ತಾಗ ಅವನಿಗೆ ಇಪ್ಪತ್ಮೂರು. ಸೃಷ್ಟಿ ಇನ್ನೂ ಹುಟ್ಟಿರಲಿಲ್ಲ. ಅಂದಿನಿಂದ ಪಾರಿಶ್ವಾಡದ ಆ ಮನೆಗೆ ಗೋಡೆಯ ಮೇಲಿನ ಫೋಟೋನೇ ಯಜಮಾನ. ಅದರ ಪರವಾಗಿ ಬಾಯಿ ಮಾಡುವವನು ಗುರುಪಾದಪ್ಪ. ಗಟ್ಟಿಯಾಗಿ ನಗುವಂತಿಲ್ಲ, ಹಬ್ಬಕ್ಕೆ ಬಣ್ಣದ ಬಟ್ಟೆ ಉಡುವಂತಿಲ್ಲ. ಎದ್ದರೆ ಹುತಾತ್ಮನ ಮನೆ, ಕೂತರೆ ಹುತಾತ್ಮನ ಮನೆ! ವರ್ಷಕ್ಕೊಮ್ಮೆ ಧ್ವಜದ ಕೆಳಗೆ ಸನ್ಮಾನ, ಉಳಿದ ದಿನವೆಲ್ಲ ಕಾವಲು. ಗುಂಡು ತಗುಲಿದ್ದು ಒಬ್ಬನಿಗೆ, ಹರೆಯ ಹೋದದ್ದು ಮನೆಮಂದಿಗೆಲ್ಲ. ನೆನೆದರೆ ಸೃಷ್ಟಿಯ ಮೈ ಉರಿಯುತ್ತಿತ್ತು.

ಬೆಳಗಾವಿ ಬರುವಷ್ಟರಲ್ಲಿ ಫೋನು ಬಡಕೊಂಡಿತು. ಕಾಕಾ. ಇಷ್ಟು ದಿನ ಬೈದು ತಡೆದವನು ಈಗ ರಾಜಿಗೆ ಇಳಿದಿದ್ದ.

“ಖಾಸಬಾಗದ ಆ ದಿಗಂಬರನ ಜೋಡಿನ ಆಗಬೇಕಂದ್ರ ಆಗ್ಲಿ ಬಿಡು. ಊರಾಗ, ರಾತ್ರಿ, ದೀಪಾ ಸಣ್ಣ ಮಾಡಿ ಮುಗಸೂಣು. ಇಂಥಾ ಲಗ್ನಾ ಹಿಂದಿನಿಂದ್ಲೂ ಹಂಗ ಮಾಡ್ಯಾರ.”

“ಕಳವು ಮಾಡೇವೇನ್ರಿ ಕಾಕಾ? ಹಗಲ ಹನ್ನೊಂದಕ್ಕ ಐತಿ. ಬರೂದಿದ್ರ ಹರಸಾಕ ಅಕ್ಕಿಕಾಳ ತರ್ರಿ.”

ನೋಂದಣಿ ಕಚೇರಿಯ ಬಾಗಿಲಲ್ಲಿ ದಿಗಂಬರ ಕಾಯುತ್ತಿದ್ದ. ಹೊಸ ಅಂಗಿ, ಕೈಯಲ್ಲಿ ಎರಡು ಹಾರ. ಎರಡು ವರ್ಷದಿಂದ ಆಡಿದ ಮಾತಿಗೆ ಅಂಟಿಕೊಂಡವನು ಅವನು. ಅವನನ್ನು ಕಂಡದ್ದೇ ಅವ್ವ ನೆಲ ನೋಡತೊಡಗಿದಳು. ಅಷ್ಟರಲ್ಲಿ ಗುರುಪಾದಪ್ಪ ಮೆಟ್ಟಿಲಿಗೆ ಅಡ್ಡ ಬಂದು ನಿಂತ.

“ನಮ್ಮಣ್ಣ ದೇಶಕ್ಕ ಜೀವಾ ಕೊಟ್ಟಾನ. ಅವನ ಹೆಸರಿಗೆ ಮಸಿ ಹಚ್ಚತೀರೇನು?”

“ಅಪ್ಪ ಕೊಟ್ಟದ್ದು ತನ್ನ ಜೀವಾ ರೀ ಕಾಕಾ,” ಎಂದಳು ಸೃಷ್ಟಿ. “ನಮ್ಮದನ್ನ ಕೊಟ್ಟಿಲ್ಲ. ಬಾಜು ಸರೀರಿ.”

ಕಾಕಾ ಸುತ್ತ ಕಣ್ಣಾಡಿಸಿ ಒಂದು ಹೆಜ್ಜೆ ಬದಿಗೆ ಸರಿದ. ನಾಲ್ಕು ಮಂದಿ ನಿಂತು ನೋಡುತ್ತಿದ್ದರು. ನೋಡಲಿ ಎಂದೇ ಸೃಷ್ಟಿ ತಲೆ ಎತ್ತಿ, ಅವ್ವನ ಕೈ ಹಿಡಿದು ಮೆಟ್ಟಿಲು ಹತ್ತಿದಳು.

ಒಳಗೆ ಅಧಿಕಾರಿ ಕನ್ನಡಕದ ಮೇಲಿಂದ ಸೃಷ್ಟಿಯನ್ನು ನೋಡಿ ನಕ್ಕರು. “ಬರ್ರಿ, ಕುಂದರ್ರಿ. ಮದುಮಗಳು ಇಲ್ಲೆ ಸಹಿ ಮಾಡ್ರಿ.”

“ನಾ ಸಾಕ್ಷಿ ರೀ,” ಎಂದಳು ಸೃಷ್ಟಿ. “ಮದುಮಗಳು ನಮ್ಮವ್ವ.”