ಅತ್ತೆಯ ಸಿತಾರಿನ ಮೆಟ್ಟಿಲು

ಹುಣಸೆಹಣ್ಣು ಹಚ್ಚಿ ಹಿತ್ತಾಳೆ ತಿಕ್ಕುವ ವಾಸನೆ ಬಂದರೆ ಈಗಲೂ ನನಗೆ ಅತ್ತೆಯ ಸಿತಾರು ನೆನಪಾಗುತ್ತದೆ.

ಅತ್ತೆ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ಹಿರೇಕೆರೂರಿನ ನಮ್ಮ ಮನೆಗೆ ಬಂದಿದ್ದಳು. ವಿಧವೆ ನುಡಿಸಬಾರದೆಂದು ಹಿರಿಯರು ಸಿತಾರನ್ನು ಅಟ್ಟಕ್ಕೇರಿಸಿದ್ದರು. ಅದನ್ನು ಚಿಕ್ಕಪ್ಪನ ಮಗಳಿಗೆ ಮದುವೆಯಲ್ಲಿ ಕೊಡಬೇಕೆಂದು ಅಪ್ಪ ಸವಣೂರಿನ ಉಸ್ತಾದರನ್ನು ಕರೆಸಿದ. ಸಿತಾರಿನ ಉದ್ದನೆಯ ದಂಡಿಯ ಮೇಲೆ ತಂತಿಯ ಕೆಳಗೆ ಕಟ್ಟಿದ ಹಿತ್ತಾಳೆಯ ಮೆಟ್ಟಿಲು ಹೊಸದು ಹಾಕಬೇಕೋ ಬೇಡವೋ ಅವರು ಹೇಳಬೇಕಿತ್ತು.

ಉಸ್ತಾದರು ಒಂದೊಂದೇ ಮೆಟ್ಟಿಲಿನ ಮೇಲೆ ಉಗುರು ಎಳೆದರು. ತಂತಿಯ ಕೆಳಗೆ ಹಿತ್ತಾಳೆ ಸವೆದು ಗೀರು ಬಿದ್ದಿತ್ತು.

"ಹತ್ತ ವರ್ಷ ಆತ್ರಿ, ಯಾರೂ ಮುಟ್ಟಿಲ್ಲ," ಎಂದ ಅಪ್ಪ.

ಮುಟ್ಟದ ಹಿತ್ತಾಳೆಗೆ ಕಿಲುಬು ಹಿಡಿಯುತ್ತದೆ. ಆ ಗೀರುಗಳು ಮಾತ್ರ ಥಳಥಳ ಹೊಳೆಯುತ್ತಿದ್ದವು. ಅಷ್ಟರಲ್ಲಿ ಅತ್ತೆ ಚಹಾ ತಂದಳು. ಎಡಗೈಯ ತೋರುಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ಉಸ್ತಾದರು ಆ ಕೈಯನ್ನೇ ನೋಡಿದರು.

"ಮೆಟ್ಟಿಲ ಬದಲಿ ಮಾಡೂದು ಬ್ಯಾಡ್ರಿ. ದಂಡೀನ ಬಾಗೇತಿ. ಬ್ಯಾರೆ ಊರಿಗೆ ಒಯ್ದ್ರ ಸೀಳತೈತಿ. ಇಲ್ಲೇ ಇರ್ಲಿ ಬಿಡ್ರಿ."

ನಾನು ಒಂದು ಕಣ್ಣು ಮುಚ್ಚಿ ದಂಡಿಯನ್ನು ನೋಡಿದೆ. ಅದು ನೆಟ್ಟಗೇ ಇತ್ತು.

ಉಸ್ತಾದರು ಹೊರಡುವಾಗ ಅತ್ತೆ ಇನ್ನೊಂದು ಬಟ್ಟಲು ಚಹಾ ತಂದುಕೊಟ್ಟಳು. ಈ ಸಲ ಬೆರಳು ಸೆರಗಿನಿಂದ ಹೊರಗಿತ್ತು. ಅದರ ತುದಿಯಲ್ಲಿ ತಂತಿ ಕೊರೆದ ಕಪ್ಪು ಗೆರೆಯಿತ್ತು.