ದಿನಕ್ಕೆ ಮುನ್ನೂರು ಜನ

ಗೇಟಿಗೆ ಬೀಗ ಬಿದ್ದಿತ್ತು. ವನಜಾ ಎರಡೂ ಕೈಯಿಂದ ಹಿಡಿದು ಜಗ್ಗಿದಳು. ಕಾವಲುಗಾರ ಮಲ್ಲೇಶಂ ಎದ್ದು ಬಂದ.

"ಸಾರ್ ಚೆಪ್ಪಿಂಡ್ರಮ್ಮಾ," ಎಂದ. ಸಾಹೇಬರ ಅಪ್ಪಣೆ, ಅಷ್ಟೇ. ಅವಳನ್ನು ತಂದ ಜೀಪನ್ನು ಬೆಳಿಗ್ಗೆಯೇ ವಾಪಸು ಕಳಿಸಿಯಾಗಿತ್ತು. ಮೇಜಿನ ಮೇಲಿದ್ದ ಫೋನೂ ಈಗ ಇರಲಿಲ್ಲ.

ನಗರದಂಚಿನ ಮಣಿಕೊಂಡದಾಚೆ, ದೊಡ್ಡ ಬಂಡೆಗಳ ನಡುವೆ ರಾಳ್ಳಚೆರುವು ಎಂಬ ಕೆರೆ. ಅದರ ದಂಡೆಯ ಮೇಲೆ ಸರಕಾರದ ಹಳೆಯ ಬಂಗಲೆ. ಪ್ರವಾಸೋದ್ಯಮ ಯೋಜನೆಗಳ ಪರಿಸರ ಅಧಿಕಾರಿಯಾಗಿದ್ದ ವನಜಾ ಒಂದು ದಿನದ ಕೆಲಸಕ್ಕೆಂದು ಬಂದಿದ್ದಳು. ಕಳಿಸಿದವರು ಅವಳ ಮೇಲಧಿಕಾರಿ ಹನುಮಂತರಾಯರು.

ರಾಮದಾಸ ಎಂಬ ಹೋಟೆಲ್ ಉದ್ಯಮಿಗೆ ಈ ಕೆರೆ ಬೇಕಾಗಿತ್ತು. ಬಂಡೆ ಸಿಡಿಸಿ ಕೋಣೆ ಕಟ್ಟಬೇಕು, ನೀರಿಗೆ ಮೋಟಾರು ದೋಣಿ ಇಳಿಸಬೇಕು. ದಿನಕ್ಕೆ ಮೂರು ಸಾವಿರ ಜನ ಬಂದರೆ ಮಾತ್ರ ಅವನಿಗೆ ಲಾಭ. ಕೆರೆ ತಾಳುವುದು ಮುನ್ನೂರು ಜನರನ್ನು ಎಂದು ವನಜಾ ಅಳೆದು ತೂಗಿ ಹೇಳಿದ್ದಳು. ಅದಕ್ಕಿಂತ ಹೆಚ್ಚಾದರೆ ಹೊಲಸೆಲ್ಲ ಕೆಳಗಿನ ಹಳ್ಳಿಯ ಬಾವಿಗಳಿಗೆ ಇಳಿಯುತ್ತಿತ್ತು.

ಅವಳಿಗಿಂತ ಮೊದಲು ಈ ಕೆಲಸ ಮಾಡಿದ್ದ ಗುರುರಾಜನೂ ಮುನ್ನೂರೇ ಅಂದಿದ್ದ. ಒಂದು ಸಂಜೆ ರಾಮದಾಸ ಅವನನ್ನು ಊಟಕ್ಕೆ ಕರೆದೊಯ್ದ. ಮರುದಿನ ಗುರುರಾಜನ ಬಾಯಲ್ಲಿ ಮೂರು ಸಾವಿರ. ಆಮೇಲೆ ಅವನು ಊರನ್ನೇ ಬಿಟ್ಟ. ಹಳ್ಳಿಯವರು ಕೋರ್ಟಿಗೆ ಹೋದರು. ಅಳತೆ ಹೊಸದಾಗಿ ವನಜಾಳ ಪಾಲಿಗೆ ಬಂತು. ಇನ್ನುಳಿದದ್ದು ಲೆಕ್ಕ ಖಾಯಂ ಆಗಬೇಕಾದ ಬಹಿರಂಗ ವಿಚಾರಣೆ. ಅದಕ್ಕೆ ಒಂದು ವಾರವಿತ್ತು.

ಕಚೇರಿಯ ಪಡಸಾಲೆಯಲ್ಲಿ ಹನುಮಂತರಾಯರು ರಾಮದಾಸನ ಜೊತೆ ನಗುತ್ತ ನಿಂತದ್ದನ್ನು ಅವಳು ಮೊನ್ನೆಯಷ್ಟೇ ನೋಡಿದ್ದಳು.

ಮಧ್ಯಾಹ್ನ ರಾಯರೇ ಬಂದರು. ಕೈಯಲ್ಲಿ ಮನೆಯ ಡಬ್ಬಿ. ಜೋಳದ ರೊಟ್ಟಿ, ಪುಂಡಿಪಲ್ಯ.

"ಉಣ್ಣರಿ," ಎಂದರು.

"ನನ್ನನ್ನ ಯಾಕ ಕೂಡಿ ಹಾಕೀರಿ?"

"ವಿಚಾರಣಿ ಆಗೂತನಕ ಇಲ್ಲೇ ಇರ್ರಿ. ಶಾಂತ ಐತಿ. ಸಂಖ್ಯಾದ ಬಗ್ಗೆ ವಿಚಾರ ಮಾಡರಿ."

"ವಿಚಾರ ಮಾಡೂದು ಏನೈತಿ? ಮುನ್ನೂರು ಅಂದ್ರ ಮುನ್ನೂರು."

"ಹೊರಗ ಹೋದ್ರ ಸಂಖ್ಯಾ ಬದಲಾಗತಾವು, ವನಜಾಬಾಯಿ."

"ತಾರ್ನಾಕದಾಗ ನಮ್ಮವ್ವ ಒಬ್ಬಾಕಿನ ಇದ್ದಾಳ. ನನ್ನ ಮನಿಗೆ ಬಿಡ್ರಿ."

"ಅವರು ಅಲ್ಲಿ ಇಲ್ಲ. ನಿಮಗ ಟೂರ್ ಬಂದೈತಿ ಅಂತ ಹೇಳಿ ಮುಂಜಾನೆನ ಗುಲಬರ್ಗಾಕ್ಕ, ನಿಮ್ಮ ಅಣ್ಣನ ಮನಿಗೆ ಕಳಿಸೀನಿ. ಜೋಡಿ ನನ್ನ ಮನುಷ್ಯಾ ಹೋಗ್ಯಾನ."

ವನಜಾ ಡಬ್ಬಿಯನ್ನು ಆಚೆ ಸರಿಸಿದಳು. ತಾಯಿಯ ಬೆನ್ನಿಗೂ ಒಬ್ಬ ಕಾವಲುಗಾರ!

"ನಿಮಗ ಬೇಕಾದದ್ದರ ಏನು? ಬಾಯಿಬಿಟ್ಟು ಹೇಳ್ರಿ."

"ನಾ ಏನೂ ಹೇಳೂದಿಲ್ಲ. ನಾಳೆ ಯಾರರ ಕೇಳಿದ್ರ, ರಾಯರು ಹಿಂಗ ಹೇಳು ಅಂದಿಲ್ಲ ಅಂತ ನೀವು ಆಣಿ ಮಾಡೂವಂಗ ಇರಬೇಕು."

ಎಷ್ಟು ಜಾಣ ಮನುಷ್ಯ, ಅಂದುಕೊಂಡಳು ವನಜಾ. ಎಲ್ಲಿಯೂ ಕೈಗೆ ಸಿಗುವುದಿಲ್ಲ.

ಅಂದಿನಿಂದ ಅವಳ ಲೋಕ ಎರಡು ಕೋಣೆ, ಒಂದು ವರಾಂಡ. ಎದುರಿಗೆ ನೀರು, ನೀರಿನ ಮೇಲೆ ಚಳಿಗಾಲಕ್ಕೆ ಬಂದ ಬಾತುಗಳು. ಅವು ಬೇಕೆಂದಾಗ ಹಾರುತ್ತಿದ್ದವು, ಇಳಿಯುತ್ತಿದ್ದವು. ನೋಡಲಾಗದೆ ಅವಳು ಕಿಟಕಿ ಮುಚ್ಚಿದಳು. ರಾಯರು ಡಬ್ಬಿ ತರುತ್ತಿದ್ದರು, ಒಂದೇ ಪ್ರಶ್ನೆ ಕೇಳುತ್ತಿದ್ದರು: "ಸಂಖ್ಯಾ ಎಷ್ಟು?" ಅವಳು "ಮುನ್ನೂರು" ಎಂದರೆ ಸುಮ್ಮನೆ ಎದ್ದು ಹೋಗುತ್ತಿದ್ದರು.

ಒಂದು ಸಂಜೆ ಗೇಟಿನ ಮುಂದೆ ಬಿಳಿ ಕಾರು ನಿಂತಿತು. ಅಂತೂ ಯಾರೋ ಬಂದರು! ವನಜಾ ಓಡಿದಳು. ಮೆಟ್ಟಿಲು ಇಳಿಯುವುದರೊಳಗೆ ಮಲ್ಲೇಶಂ ಅವಳನ್ನು ಹಿಡಿದು ಅಡುಗೆಮನೆಗೆ ತಳ್ಳಿ ಚಿಲಕ ಹಾಕಿದ. ತೋಟದ ನೀರಿನ ಮೋಟಾರು ಗುಡುಗತೊಡಗಿತು. ಅವಳು ಬಾಗಿಲು ಬಡಿದಳು, ಕೂಗಿದಳು. ಆ ಗದ್ದಲದಲ್ಲಿ ಅವಳ ದನಿ ಅವಳಿಗೇ ಕೇಳಿಸಲಿಲ್ಲ. ಮೋಟಾರು ನಿಂತಾಗ ಕಾರು ಹೋಗಿತ್ತು. ಅವಳು ಒಲೆಯ ಪಕ್ಕ ಕುಸಿದು ಕೂತು ಅತ್ತಳು. ಅತ್ತು ಮುಗಿದ ಮೇಲೆ ಒಂದು ನಿರ್ಧಾರ ಮಾಡಿದಳು.

ವಿಚಾರಣೆಯ ದಿನ ರಾಯರೇ ಕಾರು ನಡೆಸಿಕೊಂಡು ಬಂದರು.

"ಸಂಖ್ಯಾ?"

"ಅಲ್ಲೇ ಹೇಳತೀನಿ."

ರಾಯರು ತಲೆಯಾಡಿಸಿದರು.

ಸಭಾಂಗಣ ತುಂಬಿತ್ತು. ಹಳ್ಳಿಯವರು ಹಿಂದೆ, ರಾಮದಾಸ ಮೊದಲ ಸಾಲಿನಲ್ಲಿ. ವನಜಾ ಎದ್ದು ನಿಂತು ದಿನಕ್ಕೆ ಮುನ್ನೂರು ಜನ ಎಂದಳು. ಒಂದು ಬಂಡೆಯನ್ನೂ ಸಿಡಿಸುವಂತಿಲ್ಲ ಎಂದಳು. ಆಮೇಲೆ ಹನುಮಂತರಾಯರ ಕಡೆ ಬೆರಳು ತೋರಿಸಿದಳು.

"ಈ ಲೆಕ್ಕ ಬದಲಿಸಬೇಕೆಂದು ಇವರು ನನ್ನನ್ನು ಒಂದು ವಾರ ಬಂಗಲೆಯಲ್ಲಿ ಕೂಡಿಹಾಕಿದ್ದರು. ನನ್ನ ತಾಯಿಗೂ ಕಾವಲು ಹಾಕಿದ್ದಾರೆ."

ಸಭೆ ಎದ್ದು ಕೂಗತೊಡಗಿತು. ವಿಚಾರಣೆಯ ಅಧ್ಯಕ್ಷರು ರಾಯರ ಕಡೆ ತಿರುಗಿದರು. ಇದು ನಿಜವೇ?

"ಕೂಡಿಹಾಕಿದ್ದು ನಿಜ," ಎಂದರು ರಾಯರು. ಅದಕ್ಕೆ ಮತ್ತೊಂದು ಮಾತು ಸೇರಿಸಲಿಲ್ಲ.

ಇಷ್ಟು ಒತ್ತಡಕ್ಕೂ ಅಲುಗದ ಲೆಕ್ಕವನ್ನು ಇನ್ನು ಯಾರೂ ಪ್ರಶ್ನಿಸುವಂತಿಲ್ಲ ಎಂದು ಅಧ್ಯಕ್ಷರು ಘೋಷಿಸಿದರು. ಮುನ್ನೂರೇ ಖಾಯಂ ಆಯಿತು. ರಾಯರನ್ನು ಅಲ್ಲೇ ಅಮಾನತು ಮಾಡಿದರು. ಪೊಲೀಸರ ನಡುವೆ ಹೋಗುವಾಗ ಅವರು ವನಜಾಳನ್ನು ಒಮ್ಮೆ ನೋಡಿದರು. ಆ ಕಣ್ಣುಗಳಲ್ಲಿ ಸಿಟ್ಟಿರಲಿಲ್ಲ. ಅವಳು ಮುಖ ತಿರುಗಿಸಿದಳು.

ಹೊರಗೆ ಬಿಸಿಲು. ವಾರದ ನಂತರ ಮೊದಲ ಸಲ ಅವಳು ಎದೆತುಂಬ ಉಸಿರು ಎಳೆದುಕೊಂಡಳು. ಹಿಂದಿನಿಂದ ಬಂದ ರಾಮದಾಸ ಅವಳ ದಾರಿಗೆ ಅಡ್ಡ ನಿಂತ. ಮುಖ ಕೆಂಪಾಗಿತ್ತು.

"ಎಲ್ಲಿ ಮಾಯ ಆಗಿದ್ರಿ ಮೇಡಂ? ತಾರ್ನಾಕದ ಮನಿಗೆ ಬೀಗ, ನಿಮ್ಮವ್ವನೂ ಇಲ್ಲ, ಆ ಕೆರಿ ಬಂಗಲೆತನಕ ನಮ್ಮ ಮಂದಿ ಹುಡುಕಿ ಬಂದ್ರು. ಒಂದ್ ಸಲ ಕೈಗೆ ಸಿಕ್ಕಿದ್ರ ಸಾಕಿತ್ತು, ಗುರುರಾಜನ ಹಂಗ ನೀವೂ ಮೂರು ಸಾವಿರ ಅಂತಿದ್ರಿ. ನೀವು ದಿಲ್ಲಿಗೆ ಹೋಗೀರಿ ಅಂತ ಆ ಮುದುಕ ಹನುಮಂತರಾಯ ನನಗ ಪೂರಾ ನಂಬಿಸಿಬಿಟ್ಟಾ!"